ಕರ್ನಲ್‌ಗೆ ಟೈಮರ್ ಡ್ರೈವರ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಏಳೆಂಟು ಮಂದಿ ಕೂರುತ್ತೇವೆ. ಎಲ್ಲರೂ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು. ಕಾಲೇಜಿನಲ್ಲಿ ಇಂಗ್ಲಿಷು, ಲೋಕಲ್ ರೈಲಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡವೋ ತುಳುವೋ. ಎಲ್ಲರೂ ಸೇರಿ ಒಂದು ಪುಟ್ಟ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಬರೆಯುತ್ತಿದ್ದೇವೆ. ಬೂಟ್ ಆಗಿ ತೆರೆಯ ಮೇಲೆ ಅಕ್ಷರ ಮೂಡುವವರೆಗೆ ಉತ್ಸಾಹ ಜೋರಾಗಿರುತ್ತದೆ. ಆಮೇಲೆ ಎಲ್ಲರೂ ಬಂದು ನಿಲ್ಲುವುದು ಟೈಮರ್ ಹತ್ತಿರ. ಹೊತ್ತಾದಾಗ ಇಂಟರಪ್ಟ್ ಎಂಬ ಸಂಕೇತ ಕೊಟ್ಟು ಪ್ರೊಸೆಸರನ್ನು ಎಬ್ಬಿಸುವ ಹಾರ್ಡ್‌ವೇರ್ ಅದು, ಅದನ್ನು ನಡೆಸುವ ಕೋಡೇ ಡ್ರೈವರ್. "ಅಕ್ಕಾ, ಇಂಟರಪ್ಟ್ ಒಂದೇ ಸಲ ಬಂತು, ಮತ್ತೆ ಬರಲೇ ಇಲ್ಲ" ಎನ್ನುವಲ್ಲಿಂದ ಶುರುವಾಗುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೆ. ಅವುಗಳಿಗೆ ನನ್ನ ಉತ್ತರಗಳು ಇಲ್ಲಿವೆ.

ಟೈಮರ್ ಡ್ರೈವರ್ ಮಾಡಬೇಕಾದ ಕೆಲಸವಾದರೂ ಏನು?

ಎರಡು ಕೆಲಸ. ಈಗ ಎಷ್ಟು ಹೊತ್ತಾಯಿತು ಎಂದು ಕೇಳಿದರೆ ಹೇಳಬೇಕು. ಇಂಥ ಹೊತ್ತಿಗೆ ಎಬ್ಬಿಸು ಎಂದರೆ ಎಬ್ಬಿಸಬೇಕು. ಇವೆರಡನ್ನೂ ಒಂದೇ ಎಂದುಕೊಂಡರೆ ಡ್ರೈವರ್ ಅಲ್ಲೇ ಹಾಳಾಯಿತು.

ನನ್ನ ಅಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಬೆಳಗಿನ ಜಾವ 4 ಗಂಟೆಗೆ ಎದ್ದು ಹೋಗಿ ಇಡ್ಲಿ ಬೇಯಲು ಇಡಬೇಕು. ಚಾಳಿನ ವಾಚ್‌ಮನ್ ಬಾಗಿಲು ಬಡಿದು ಎಬ್ಬಿಸುತ್ತಿದ್ದ. ಅಪ್ಪ ಎದ್ದ ಕೂಡಲೇ ನೋಡುತ್ತಿದ್ದದ್ದು ಗೋಡೆಯ ಗಡಿಯಾರವನ್ನು. ಯಾಕೆಂದರೆ ವಾಚ್‌ಮನ್ ಕೆಲವು ದಿನ ಹತ್ತು ನಿಮಿಷ ತಡವಾಗಿ ಬರುತ್ತಿದ್ದ, ಜೋರು ಮಳೆಯ ದಿನ ಬರುತ್ತಲೇ ಇರಲಿಲ್ಲ. ಅವನು ಬಾಗಿಲು ಬಡಿದದ್ದನ್ನು ಎಣಿಸಿ ಇವತ್ತು ತಾರೀಕು ಎಷ್ಟೆಂದು ಹೇಳಲು ಹೊರಟರೆ ತಿಂಗಳ ಕೊನೆಯಲ್ಲಿ ಲೆಕ್ಕ ತಪ್ಪಿಯೇ ತಪ್ಪುತ್ತದೆ.

ಕರ್ನಲ್‌ನಲ್ಲಿ ಇಂಟರಪ್ಟ್ ಅಂದರೆ ಆ ವಾಚ್‌ಮನ್. ತನ್ನ ಪಾಡಿಗೆ ಓಡುತ್ತಿರುವ ಹಾರ್ಡ್‌ವೇರ್ ಕೌಂಟರ್ ಅಂದರೆ ಗೋಡೆಯ ಗಡಿಯಾರ. ಲಿನಕ್ಸ್‌ನಲ್ಲಿ ಇವಕ್ಕೆ ಕ್ಲಾಕ್‌ಸೋರ್ಸ್, ಕ್ಲಾಕ್‌ಇವೆಂಟ್ ಎಂದು ಎರಡು ಬೇರೆ ರಚನೆಗಳೇ ಇವೆ. ನಿಮ್ಮ ಕರ್ನಲ್ ಎಷ್ಟೇ ಚಿಕ್ಕದಿರಲಿ, ಮೊದಲ ದಿನದಿಂದಲೇ ಇವೆರಡನ್ನು ಬೇರೆ ಇಡಿ. ಒಂದು ಫಂಕ್ಷನ್ ಕೌಂಟರ್ ಓದಿ ಕೊಡುತ್ತದೆ, ಇನ್ನೊಂದು ಮುಂದಿನ ಇಂಟರಪ್ಟ್ ಯಾವಾಗ ಬರಬೇಕೆಂದು ಹಾರ್ಡ್‌ವೇರಿಗೆ ಹೇಳುತ್ತದೆ. ಡ್ರೈವರ್ ಹೊರಗೆ ತೋರಿಸಬೇಕಾದದ್ದು ಬಹುಮಟ್ಟಿಗೆ ಇಷ್ಟೇ.

ಪ್ರತಿ ಮಿಲಿಸೆಕೆಂಡಿಗೆ ಇಂಟರಪ್ಟ್ ಬಂದಾಗ ಒಂದು ವೇರಿಯಬಲ್ ಹೆಚ್ಚಿಸುತ್ತೇನೆ. ಅದೇ ಸಮಯ ಅಂದುಕೊಂಡರೆ ಏನು ತೊಂದರೆ?

ನಾನೂ ಹಾಗೇ ಮಾಡಿದ್ದೆ. ಅಂಧೇರಿಯ ಕಡೆ ಒಂದು ಕಂಪನಿಯಲ್ಲಿ ಕೋಲ್ಡ್ ಸ್ಟೋರೇಜಿನ ಉಷ್ಣಾಂಶ ದಾಖಲಿಸುವ ಒಂದು ಪೆಟ್ಟಿಗೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಅದರ ಗಡಿಯಾರ ದಿನಕ್ಕೆ ಹತ್ತಿರ ಹತ್ತಿರ 2 ನಿಮಿಷ 48 ಸೆಕೆಂಡು ಹಿಂದೆ ಬೀಳುತ್ತಿತ್ತು. ಗಡಿಯಾರಕ್ಕೆ ಮಿಡಿತ ಕೊಡುವ ಕ್ರಿಸ್ಟಲ್ ಕೆಟ್ಟಿದೆ ಎಂದು ಮೂರು ಸಲ ಬದಲಾಯಿಸಿದೆವು. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಇಂಟರಪ್ಟ್ ಬಂದಾಗಲೆಲ್ಲ ಒಂದು ಪಿನ್ನನ್ನು ಮೇಲೆ ಕೆಳಗೆ ಮಾಡುವಂತೆ ಬರೆದು, ಆ ಪಿನ್ನಿಗೆ ಆಸಿಲೋಸ್ಕೋಪಿನ ಪ್ರೋಬ್ ಸಿಕ್ಕಿಸಿದೆವು. ತೆರೆಯ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಅಳತೆಯ ಗೆರೆಗಳು. ನೋಡುತ್ತಾ ಕೂತೆವು. ಸುಮಾರು 20 ಸೆಕೆಂಡು ಕಳೆದ ಮೇಲೆ ಒಂದು ಕಡೆ ಹಲ್ಲು ಉದುರಿದ ಹಾಗೆ 40 ಮಿಲಿಸೆಕೆಂಡು ಖಾಲಿ, ಮತ್ತೆ ಗೆರೆಗಳು. ಇನ್ನೊಂದು 20 ಸೆಕೆಂಡಿಗೆ ಮತ್ತೆ ಅದೇ ಖಾಲಿ ಜಾಗ.

ಅಷ್ಟು ಹೊತ್ತಿಗೊಮ್ಮೆ ನಡೆಯುತ್ತಿದ್ದದ್ದು ಫ್ಲ್ಯಾಶ್ ಮೆಮೊರಿಯ ಒಂದು ಸೆಕ್ಟರನ್ನು ಅಳಿಸುವ ಕೆಲಸ. ಅದು ಮುಗಿಯುವವರೆಗೆ ಇಂಟರಪ್ಟ್‌ಗಳನ್ನು ಮುಚ್ಚಿಡುತ್ತಿದ್ದೆವು. ಆ 40 ಮಿಲಿಸೆಕೆಂಡಿನಲ್ಲಿ 40 ಟಿಕ್, ಅಂದರೆ ನಿಯಮಿತ ಇಂಟರಪ್ಟ್, ಬರಬೇಕು. ಆದರೆ ಇಂಟರಪ್ಟ್ ಬಾಕಿ ಇದೆ ಎಂದು ನೆನಪಿಡಲು ಹಾರ್ಡ್‌ವೇರಿನಲ್ಲಿ ಇರುವುದು ಒಂದೇ ಬಿಟ್. ಹಾಗಾಗಿ ಒಂದು ಟಿಕ್ ಸಿಕ್ಕಿತು, 39 ಹೋದವು. ದಿನಕ್ಕೆ 4,320 ಸಲ ಹೀಗಾದರೆ 168 ಸೆಕೆಂಡು. ಲೆಕ್ಕ ಸರಿಹೋದ ಆ ಸಂಜೆ ನನಗೆ ಇವತ್ತಿಗೂ ನೆನಪಿದೆ. ಸಮಯವನ್ನು ಕೌಂಟರ್‌ನಿಂದ ಓದಿದ್ದರೆ ಇಂಟರಪ್ಟ್ ಎಷ್ಟು ತಪ್ಪಿದರೂ ಗಡಿಯಾರಕ್ಕೆ ಏನೂ ಆಗುತ್ತಿರಲಿಲ್ಲ.

ಪಿಸಿಯಲ್ಲಿ ಹಳೆಯ ಪಿಐಟಿ ಚಿಪ್ಪಿನಿಂದಲೇ ಶುರು ಮಾಡಬಹುದೇ?

ಧಾರಾಳವಾಗಿ. ಇಂಟೆಲ್ 8253 ಮತ್ತು 8254 ಚಿಪ್ಪುಗಳ ವಂಶದ ಈ ಟೈಮರ್ ಎಮ್ಯುಲೇಟರಿನಲ್ಲೂ (ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್) ಸಿಗುತ್ತದೆ, ಕಲಿಯಲು ಸುಲಭ. ಪೋರ್ಟ್ ಹೆಕ್ಸ್ (16ರ ಆಧಾರದ ಸಂಖ್ಯೆ) 43ಕ್ಕೆ ಹೆಕ್ಸ್ 34 ಬರೆದರೆ ಚಾನೆಲ್ 0 ಮೋಡ್ 2ರಲ್ಲಿ, ಅಂದರೆ ಮತ್ತೆ ಮತ್ತೆ ಎಣಿಸುವ ಕ್ರಮದಲ್ಲಿ, ನಿಲ್ಲುತ್ತದೆ. ಆಮೇಲೆ ಪೋರ್ಟ್ ಹೆಕ್ಸ್ 40ಕ್ಕೆ ಭಾಜಕದ (ಒಳಗಿನ ಕ್ಲಾಕನ್ನು ಭಾಗಿಸುವ ಸಂಖ್ಯೆ) ಕೆಳಗಿನ ಬೈಟ್, ನಂತರ ಮೇಲಿನ ಬೈಟ್. ಅಷ್ಟು ಸಾಕು, ಇಂಟರಪ್ಟ್ 0 ಬರತೊಡಗುತ್ತದೆ. ಭಾಜಕ 0 ಎಂದರೆ 65,536 ಎಂದು ಅರ್ಥ. ಆಗ ಸೆಕೆಂಡಿಗೆ ಸುಮಾರು 18.2 ಸಲ ಬರುತ್ತದೆ.

ಇದರ ಒಳಗಿನ ಕ್ಲಾಕ್ 1.193182 ಮೆಗಾಹರ್ಟ್ಸ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಮೊದಲ ಐಬಿಎಂ ಪಿಸಿಯಲ್ಲಿ 14.31818 ಮೆಗಾಹರ್ಟ್ಸ್ ಕ್ರಿಸ್ಟಲ್ ಇತ್ತು. ಅದು ಅಮೆರಿಕದ ಕಲರ್ ಟಿವಿಯ ಬಣ್ಣದ ಸಿಗ್ನಲಿನ ನಾಲ್ಕು ಪಟ್ಟು. ಅದನ್ನು 12ರಿಂದ ಭಾಗಿಸಿದರೆ ಈ ಸಂಖ್ಯೆ. ಟಿವಿಗೆಂದು ಆರಿಸಿದ ಆವರ್ತನ ಇವತ್ತಿಗೂ ನಮ್ಮ ಲ್ಯಾಪ್‌ಟಾಪುಗಳಲ್ಲಿ ಉಳಿದಿದೆ.

ಇಲ್ಲೊಂದು ಎಚ್ಚರ. 1,000 ಹರ್ಟ್ಸ್ ಬೇಕೆಂದು ಭಾಜಕ 1,193 ಹಾಕಿದರೆ ಸಿಗುವುದು 1,000.15 ಹರ್ಟ್ಸ್. ಪ್ರತಿ ಟಿಕ್ಕಿಗೂ ಒಂದು ಮಿಲಿಸೆಕೆಂಡು ಎಂದು ಕೂಡಿಸುತ್ತಾ ಹೋದರೆ ದಿನಕ್ಕೆ 13 ಸೆಕೆಂಡು ಮುಂದೆ ಓಡುತ್ತದೆ. ಕ್ರಿಸ್ಟಲ್ ಸರಿಯಾಗಿದ್ದರೂ, ಒಂದು ಇಂಟರಪ್ಟೂ ತಪ್ಪದಿದ್ದರೂ.

ಹಾಗಾದರೆ ಇವತ್ತಿನ ಪಿಸಿಗೆ ಯಾವುದನ್ನು ಆರಿಸಲಿ?

ಸಮಯ ಓದಲು ಪ್ರೊಸೆಸರಿನ ಒಳಗಿನ ಕೌಂಟರ್ ಆದ ಟಿಎಸ್‌ಸಿ, ಎಬ್ಬಿಸಲು ಪ್ರತಿ ಕೋರಿನಲ್ಲಿರುವ ಇಂಟರಪ್ಟ್ ಕಂಟ್ರೋಲರಾದ ಲೋಕಲ್ ಎಪಿಕ್‌ನ ಟೈಮರ್. ಟಿಎಸ್‌ಸಿಯನ್ನು ನಂಬುವ ಮೊದಲು ಸಿಪಿಯು-ಐಡಿ ಸೂಚನೆಯಲ್ಲಿ ಹೆಕ್ಸ್ 80000007 ಕೇಳಿ, ಇಡಿಎಕ್ಸ್ ರಿಜಿಸ್ಟರಿನ (ಹಾರ್ಡ್‌ವೇರ್ ಒಳಗೆ ಸಂಖ್ಯೆ ಇಡುವ ಪುಟ್ಟ ಜಾಗ) 8ನೇ ಬಿಟ್ ನೋಡಿ. ಆ ಬಿಟ್ ಇದ್ದರೆ ಪ್ರೊಸೆಸರ್ ವೇಗ ಏರಲಿ ಇಳಿಯಲಿ, ಕೌಂಟರ್ ಒಂದೇ ಗತಿಯಲ್ಲಿ ಓಡುತ್ತದೆ. ಇಲ್ಲದಿದ್ದರೆ ಪಿಸಿಯ ಇನ್ನೆರಡು ಟೈಮರುಗಳಾದ ಎಚ್‌ಪೆಟ್ ಅಥವಾ ಎಸಿಪಿಐ ಪವರ್ ಮ್ಯಾನೇಜ್‌ಮೆಂಟ್ ಟೈಮರ್ ಬಳಸಿ. ಈ ಕೊನೆಯದು ಕೆಲವು ಕಡೆ 24 ಬಿಟ್ ಮಾತ್ರ. 3.579545 ಮೆಗಾಹರ್ಟ್ಸ್‌ನಲ್ಲಿ ಅದು 4.7 ಸೆಕೆಂಡಿನೊಳಗೆ ಒಂದು ಸುತ್ತು ಮುಗಿಸುತ್ತದೆ. ಅಷ್ಟರೊಳಗೆ ಒಮ್ಮೆಯಾದರೂ ಓದದಿದ್ದರೆ ಎಷ್ಟು ಸುತ್ತು ಹೋಯಿತು ಎಂದು ತಿಳಿಯುವುದಿಲ್ಲ.

ಎಪಿಕ್ ಟೈಮರಿನ ವೇಗ ಎಷ್ಟೆಂದು ಗೊತ್ತಾಗುವುದು ಹೇಗೆ?

ಎಷ್ಟೋ ಯಂತ್ರಗಳಲ್ಲಿ ಅಳೆದೇ ನೋಡಬೇಕು. ವೇಗ ಗೊತ್ತಿರುವ ಇನ್ನೊಂದು ಟೈಮರಿನಲ್ಲಿ 10 ಮಿಲಿಸೆಕೆಂಡು ಕಾದು, ಅಷ್ಟರಲ್ಲಿ ಎಪಿಕ್ ಎಷ್ಟು ಇಳಿಯಿತು ಎಂದು ನೋಡುವುದು. ಒಂದೇ ಸಲ ಅಳೆದು ನಂಬಬೇಡಿ. ಅಳೆಯುವ ನಡುವೆ ಫರ್ಮ್‌ವೇರ್ (ಯಂತ್ರದ ಜೊತೆಗೇ ಬರುವ ಒಳಗಿನ ಸಾಫ್ಟ್‌ವೇರ್) ನಿಮಗೆ ಹೇಳದೆಯೇ ಪ್ರೊಸೆಸರನ್ನು ಕಿತ್ತುಕೊಂಡು ತನ್ನ ಕೆಲಸ ಮಾಡಿಕೊಳ್ಳಬಹುದು. ಎಮ್ಯುಲೇಟರಿನಲ್ಲಾದರೆ ಹೊರಗಿನ ಆಪರೇಟಿಂಗ್ ಸಿಸ್ಟಮ್ ಕೂಡ ಹಾಗೇ ಮಾಡುತ್ತದೆ. ಐದು ಸಲ ಅಳೆಯಿರಿ, ಒಂದಕ್ಕೊಂದು ಹೊಂದದ ಅಳತೆಗಳನ್ನು ಬಿಡಿ. ಎಚ್‌ಪೆಟ್ ಇದ್ದರೆ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ತನ್ನ ಒಂದು ಎಣಿಕೆಗೆ ಎಷ್ಟು ಫೆಮ್ಟೊಸೆಕೆಂಡು ಎಂದು ಅದರ ರಿಜಿಸ್ಟರಿನಲ್ಲೇ ಬರೆದಿರುತ್ತದೆ.

ಆರ್ಮ್ ಪ್ರೊಸೆಸರಿನ ಬೋರ್ಡಿನಲ್ಲಿ ಇಷ್ಟೆಲ್ಲ ತಲೆನೋವು ಇದೆಯೇ?

ಕಡಿಮೆ. 64 ಬಿಟ್ ಆರ್ಮ್‌ನ ಜೆನೆರಿಕ್ ಟೈಮರ್ ನನಗೆ ತುಂಬ ಇಷ್ಟ. ಒಂದು ರಿಜಿಸ್ಟರಿನಲ್ಲಿ ಎಣಿಕೆ, ಒಂದರಲ್ಲಿ ಎಬ್ಬಿಸಬೇಕಾದ ಹೊತ್ತು, ಒಂದರಲ್ಲಿ ಶುರು ಮಾಡುವ ಮತ್ತು ಮುಚ್ಚುವ ಬಿಟ್‌ಗಳು. ವೇಗ ಎಷ್ಟೆಂಬುದನ್ನು ಸಿಎನ್‌ಟಿಎಫ್‌ಆರ್‌ಕ್ಯೂ ಎಂಬ ರಿಜಿಸ್ಟರಿನಲ್ಲಿ ಫರ್ಮ್‌ವೇರ್ ಬರೆದಿಟ್ಟಿರುತ್ತದೆ. ಅದನ್ನು ಓದಿಯೇ ಬಳಸಿ. ನಮ್ಮ ಗುಂಪಿನ ಒಬ್ಬ ಹುಡುಗ ರಾಸ್ಪ್‌ಬೆರಿ ಪೈ 3ರ 19.2 ಮೆಗಾಹರ್ಟ್ಸ್ ಅನ್ನು ಕೋಡಿನಲ್ಲೇ ಬರೆದುಬಿಟ್ಟಿದ್ದ. ಅದೇ ಕರ್ನಲನ್ನು ಪೈ 4ಕ್ಕೆ ಹಾಕಿದಾಗ ಸೆಕೆಂಡಿಗೊಮ್ಮೆ ಮಿನುಗಬೇಕಾದ ದೀಪ ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಸಲ ಮಿನುಗಿತು. ಪೈ 4ರಲ್ಲಿ ಅದು 54 ಮೆಗಾಹರ್ಟ್ಸ್.

ಎಣಿಕೆ ಓದುವ ಮೊದಲು ಐಎಸ್‌ಬಿ ಸೂಚನೆ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪ್ರೊಸೆಸರ್ ಅವಸರಪಟ್ಟು ಕೌಂಟರನ್ನು ಮುಂಚೆಯೇ ಓದಿಬಿಡಬಹುದು.

ರಿಸ್ಕ್-ವಿ ಪ್ರೊಸೆಸರ್ ಇನ್ನೂ ಸರಳ. ಎಂಟೈಮ್ ಎಂಬ ಎಣಿಕೆ, ಎಂಟೈಮ್‌ಸಿಎಂಪಿ ಎಂಬ ಹೋಲಿಕೆಯ ರಿಜಿಸ್ಟರ್. ಎಣಿಕೆ ಹೋಲಿಕೆಯಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಇಂಟರಪ್ಟ್. ಸೂಪರ್‌ವೈಸರ್ ಮೋಡಿನಲ್ಲಿ ಓಡುವ ಕರ್ನಲ್ ಎಸ್‌ಬಿಐ (ಕರ್ನಲ್ ಫರ್ಮ್‌ವೇರಿಗೆ ಕೊಡುವ ಕರೆಗಳು) ಮೂಲಕ ಕೇಳಿಕೊಳ್ಳಬೇಕು. ಎಸ್‌ಎಸ್‌ಟಿಸಿ ವಿಸ್ತರಣೆ ಇರುವ ಪ್ರೊಸೆಸರಿನಲ್ಲಿ ನೇರವಾಗಿ ತನ್ನದೇ ರಿಜಿಸ್ಟರಿಗೆ ಬರೆಯಬಹುದು.

"ಅಕ್ಕಾ, ಕರ್ನಲ್ ಸುಮ್ಮನೆ ನಿಂತುಬಿಡುತ್ತದೆ. ಐದು ನಿಮಿಷ ಬಿಟ್ಟು ತಾನಾಗಿ ಮತ್ತೆ ಓಡುತ್ತದೆ!"

ಈ ಪ್ರಶ್ನೆ ಬಂದಾಗ ನನಗೆ ನಿಜವಾಗಿ ಖುಷಿಯಾಯಿತು, ಯಾಕೆಂದರೆ ಉತ್ತರ ಆ ಐದು ನಿಮಿಷದಲ್ಲೇ ಇದೆ. ಎಚ್‌ಪೆಟ್‌ನ ಹೋಲಿಕೆ ಕೆಲಸ ಮಾಡುವುದು ಎಣಿಕೆ ಸರಿಸಮ ಆದಾಗ ಮಾತ್ರ. ದಾಟಿ ಹೋದರೆ ಅದು ಸುಮ್ಮನಿರುತ್ತದೆ. ನೀವು ಎಣಿಕೆ 1,000 ಎಂದು ಓದಿ, 20 ಕೂಡಿಸಿ 1,020 ಎಂದು ಬರೆಯುವಷ್ಟರಲ್ಲಿ ಕೌಂಟರ್ 1,025ಕ್ಕೆ ಹೋಗಿದ್ದರೆ? ಅದು 32 ಬಿಟ್ ಪೂರ್ತಿ ಸುತ್ತಿ ಮತ್ತೆ 1,020ಕ್ಕೆ ಬರಬೇಕು. 14.318 ಮೆಗಾಹರ್ಟ್ಸ್‌ನಲ್ಲಿ ಒಂದು ಪೂರ್ತಿ ಸುತ್ತಿಗೆ ಬೇಕಾದದ್ದು 300 ಸೆಕೆಂಡು. ಅಂದರೆ ಐದೇ ನಿಮಿಷ. ಕಣ್ಣೆದುರೇ ಹೊರಟ ರೈಲಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾದ ಹಾಗೆ.

ಪರಿಹಾರ ಹೀಗೆ. ಹೋಲಿಕೆಯ ರಿಜಿಸ್ಟರಿಗೆ ಬರೆದ ಮೇಲೆ ಕೌಂಟರನ್ನು ಇನ್ನೊಮ್ಮೆ ಓದಿ. ಹೊತ್ತು ಮೀರಿದೆ ಅಥವಾ ತೀರ ಹತ್ತಿರವಿದೆ ಎಂದಾದರೆ ಇನ್ನು ಸ್ವಲ್ಪ ದೂರದ ಹೊತ್ತು ಹಾಕಿ, ಇಲ್ಲವೇ ಇಂಟರಪ್ಟ್ ಬಂತೆಂದೇ ತಿಳಿದು ಕೆಲಸ ಮುಂದುವರಿಸಿ. ಇದಕ್ಕಿಂತ ಕಡಿಮೆ ಅಂತರ ಕೊಡಬಾರದು ಎಂಬ ಕನಿಷ್ಠ ಮಿತಿಯನ್ನೂ ಡ್ರೈವರಿನಲ್ಲಿ ಬರೆದಿಡಿ. ಆರ್ಮ್ ಮತ್ತು ರಿಸ್ಕ್-ವಿಯಲ್ಲಿ ಈ ಕಾಟ ಇಲ್ಲ, ಹೊತ್ತು ಮೀರಿದ್ದರೆ ಬರೆದ ಕೂಡಲೇ ಇಂಟರಪ್ಟ್ ಬರುತ್ತದೆ.

ಇದಕ್ಕೆ ತದ್ವಿರುದ್ಧವಾದ ತೊಂದರೆ: ಇಂಟರಪ್ಟ್ ನಿಲ್ಲುವುದೇ ಇಲ್ಲ.

ಆರ್ಮ್‌ನಲ್ಲಿ ಅಲ್ಲವೇ? ಅಲ್ಲಿ ಟೈಮರಿನ ಇಂಟರಪ್ಟ್ ಮಟ್ಟದ ಮೇಲೆ ನಿಂತಿದೆ. ಹೊತ್ತು ಮೀರಿದೆ ಎಂಬ ಸ್ಥಿತಿ ಇರುವವರೆಗೆ ಇಂಟರಪ್ಟ್ ಸಂಕೇತದ ತಂತಿ ಎತ್ತಿದ ಮಟ್ಟದಲ್ಲೇ ಇರುತ್ತದೆ. ಇಂಟರಪ್ಟ್ ಕಂಟ್ರೋಲರಿಗೆ ಮುಗಿಯಿತು ಎಂದು ಹೇಳುವ ಮೊದಲು ಹೋಲಿಕೆಯ ಹೊತ್ತನ್ನು ಮುಂದಕ್ಕೆ ಹಾಕಿ ಅಥವಾ ಟೈಮರನ್ನು ಮುಚ್ಚಿ. ಕ್ರಮ ತಪ್ಪಿದರೆ ಹೊರಗೆ ಬಂದ ಕೂಡಲೇ ಮತ್ತೆ ಒಳಗೆ ಎಳೆಯುತ್ತದೆ. ರಿಸ್ಕ್-ವಿಯಲ್ಲೂ ಇದೇ ಮಾತು. ಪಿಸಿಯಲ್ಲಿ ಕಥೆ ಉಲ್ಟಾ: ಕಂಟ್ರೋಲರಿಗೆ ಮುಗಿಯಿತು ಎಂದು ಹೇಳಲು ಮರೆತರೆ ಒಂದೇ ಇಂಟರಪ್ಟ್ ಬಂದು ನಿಲ್ಲುತ್ತದೆ. ಮೇಲೆ ಹೇಳಿದ "ಒಂದೇ ಸಲ ಬಂತು" ದೂರಿಗೆ ಬಹಳ ಸಲ ಕಾರಣ ಇದೇ.

ಎಣಿಕೆಯನ್ನು ನ್ಯಾನೊಸೆಕೆಂಡಿಗೆ ಬದಲಿಸುವುದು ಹೇಗೆ? ನೂರು ಕೋಟಿಯಿಂದ ಗುಣಿಸಿ, ವೇಗದಿಂದ ಭಾಗಿಸಿದರೆ ಆಯಿತಲ್ಲ?

ಗಣಿತದಲ್ಲಿ ಆಯಿತು, 64 ಬಿಟ್‌ನಲ್ಲಿ ಆಗಲಿಲ್ಲ. 19.2 ಮೆಗಾಹರ್ಟ್ಸ್ ಎಣಿಕೆಯನ್ನು ನೂರು ಕೋಟಿಯಿಂದ ಗುಣಿಸಿದರೆ ಬೂಟ್ ಆಗಿ 16 ನಿಮಿಷಕ್ಕೆ 64 ಬಿಟ್ ತುಂಬಿ ಹರಿಯುತ್ತದೆ. 3 ಗಿಗಾಹರ್ಟ್ಸ್ ಟಿಎಸ್‌ಸಿಯಲ್ಲಾದರೆ 6 ಸೆಕೆಂಡಿಗೇ. ಜೊತೆಗೆ, ಸಮಯ ಕೇಳಿದಾಗಲೆಲ್ಲ ಭಾಗಾಕಾರ ಮಾಡುವುದು ದುಬಾರಿ.

ರೂಢಿಯ ದಾರಿ ಎಂದರೆ ಒಂದು ಗುಣಕ, ಒಂದು ಶಿಫ್ಟ್. 19.2 ಮೆಗಾಹರ್ಟ್ಸ್‌ನಲ್ಲಿ ಒಂದು ಎಣಿಕೆಗೆ 52.0833 ನ್ಯಾನೊಸೆಕೆಂಡು. ಇದನ್ನು 2ರ 24ನೇ ಘಾತದಿಂದ ಗುಣಿಸಿ ಪೂರ್ಣಾಂಕ ಮಾಡಿದರೆ 87,38,13,333. ಎಣಿಕೆಯನ್ನು ಇದರಿಂದ ಗುಣಿಸಿ 24 ಬಿಟ್ ಬಲಕ್ಕೆ ಸರಿಸಿ, ಭಾಗಾಕಾರವೇ ಬೇಡ. ಆದರೆ ಇದೂ ಸುಮಾರು 1,099 ಸೆಕೆಂಡಿಗೆ, ಅಂದರೆ 18 ನಿಮಿಷಕ್ಕೆ ತುಂಬುತ್ತದೆ. ಆದ್ದರಿಂದ ಬೂಟ್‌ನಿಂದ ಇಲ್ಲಿವರೆಗಿನ ಪೂರ್ತಿ ಎಣಿಕೆಯನ್ನು ಗುಣಿಸಬೇಡಿ. ಕಳೆದ ಸಲ ಓದಿದ ಮೇಲೆ ಎಷ್ಟು ಹೆಚ್ಚಾಯಿತೋ ಅಷ್ಟನ್ನು ಮಾತ್ರ ಗುಣಿಸಿ ಹಳೆಯ ಮೊತ್ತಕ್ಕೆ ಕೂಡಿಸಿ. ಸರಿಸುವಾಗ ಉಳಿದ ಚಿಲ್ಲರೆಯನ್ನು ಎಸೆಯದೆ ಮುಂದಿನ ಲೆಕ್ಕಕ್ಕೆ ಒಯ್ಯಿರಿ. ಅಂಗಡಿಯವನು ಪ್ರತಿ ಸಲ ಚಿಲ್ಲರೆ ಇಟ್ಟುಕೊಂಡರೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ನಿಮಗೆ ಗೊತ್ತಲ್ಲ. ಒಮ್ಮೆ ನ್ಯಾನೊಸೆಕೆಂಡಾಗಿ ಕೂಡಿಟ್ಟ ಮೊತ್ತ 64 ಬಿಟ್‌ನಲ್ಲಿ 584 ವರ್ಷ ಹಿಡಿಸುತ್ತದೆ.

ಕೌಂಟರ್ ಸುತ್ತಿ ಸೊನ್ನೆಗೆ ಬಂದರೆ ಹೋಲಿಕೆ ತಪ್ಪುವುದಿಲ್ಲವೇ?

ದೊಡ್ಡದು ಚಿಕ್ಕದು ಎಂದು ನೇರ ಹೋಲಿಸಿದರೆ ತಪ್ಪುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು, ಬಂದದ್ದನ್ನು ಚಿಹ್ನೆಯಿರುವ ಸಂಖ್ಯೆಯಾಗಿ ನೋಡಿ ಋಣವೇ ಧನವೇ ಎಂದು ಕೇಳಿ. ಅಂತರ ಅರ್ಧ ಸುತ್ತಿಗಿಂತ ಕಡಿಮೆ ಇರುವವರೆಗೆ ಉತ್ತರ ಸರಿ. 32 ಬಿಟ್‌ನಲ್ಲಿ ಮಿಲಿಸೆಕೆಂಡು ಎಣಿಸಿದರೆ 49.7 ದಿನಕ್ಕೆ ಸುತ್ತು ಮುಗಿಯುತ್ತದೆ. ವಿಂಡೋಸ್ 95 ಇದೇ ಕಾರಣಕ್ಕೆ ಅಷ್ಟು ದಿನ ಓಡಿ ನಿಂತುಹೋಗುತ್ತಿತ್ತು.

49 ದಿನ ಕಾದು ಪರೀಕ್ಷೆ ಮಾಡುವವರು ಯಾರು? ಲಿನಕ್ಸ್‌ನವರು ಇದಕ್ಕೊಂದು ಒಳ್ಳೆಯ ಉಪಾಯ ಮಾಡಿದ್ದಾರೆ. ಜಿಫೀಸ್ ಎಂಬ ಟಿಕ್ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡದೆ, ಬೂಟ್ ಆಗಿ ಐದು ನಿಮಿಷಕ್ಕೆ 32 ಬಿಟ್ ಸುತ್ತು ಮುಗಿಯುವಂಥ ಸಂಖ್ಯೆಯಿಂದ ಶುರು ಮಾಡುತ್ತಾರೆ. ತಪ್ಪಿದ್ದರೆ ಚಹಾ ಕುಡಿದು ಬರುವಷ್ಟರಲ್ಲಿ ಗೊತ್ತಾಗುತ್ತದೆ. ನೀವೂ ಇದನ್ನೇ ಮಾಡಿ.

32 ಬಿಟ್ ಯಂತ್ರದಲ್ಲಿ 64 ಬಿಟ್ ಕೌಂಟರ್ ಓದುವುದು?

ಮೇಲಿನ ಅರ್ಧ, ಕೆಳಗಿನ ಅರ್ಧ, ಮತ್ತೆ ಮೇಲಿನ ಅರ್ಧ ಓದಿ. ಎರಡು ಸಲದ ಮೇಲಿನ ಅರ್ಧ ಬೇರೆ ಬೇರೆಯಾದರೆ ಮೊದಲಿನಿಂದ ಓದಿ. ರಿಸ್ಕ್-ವಿಯಲ್ಲಿ ಹೋಲಿಕೆಯ ರಿಜಿಸ್ಟರಿಗೆ ಬರೆಯುವಾಗ ಮೊದಲು ಕೆಳಗಿನ ಅರ್ಧಕ್ಕೆ ಎಲ್ಲ ಬಿಟ್ 1 ಹಾಕಿ, ಆಮೇಲೆ ಮೇಲಿನದು, ಕೊನೆಗೆ ನಿಜವಾದ ಕೆಳಗಿನದು. ನಡುವೆ ಸುಳ್ಳು ಇಂಟರಪ್ಟ್ ಬಾರದಿರಲು ಇದು.

ನಿಯಮಿತ ಟಿಕ್ ಒಳ್ಳೆಯದೋ, ಬೇಕಾದಾಗ ಒಂದೊಂದೇ ಹಾಕಿಕೊಳ್ಳುವುದೋ?

ಕಲಿಯುವಾಗ ನಿಯಮಿತ ಟಿಕ್. ಕೆಲಸ ಹಂಚಲು ಸೆಕೆಂಡಿಗೆ 100 ಸಾಕು. ಲಿನಕ್ಸ್‌ನಲ್ಲೂ 100, 250, 300, 1,000 ಎಂಬ ಆಯ್ಕೆಗಳಿವೆ. ಆದರೆ ಬ್ಯಾಟರಿಯ ಯಂತ್ರದಲ್ಲಿ ಮಾಡಲು ಕೆಲಸವೇ ಇಲ್ಲದಾಗ ಸೆಕೆಂಡಿಗೆ ಇಷ್ಟು ಸಲ ಪ್ರೊಸೆಸರನ್ನು ಎಬ್ಬಿಸುವುದು ದಂಡ. ಮುಂದಿನ ಕೆಲಸ ಯಾವಾಗಲೋ ಆಗಲೇ ಎಬ್ಬಿಸು ಎಂದು ಹೇಳಿ ಮಲಗಿಸುವುದು ಮೇಲು. ಲಿನಕ್ಸ್ 2007ರಲ್ಲಿ 2.6.21 ಆವೃತ್ತಿಯಿಂದ ಈ ದಾರಿ ಹಿಡಿಯಿತು. ಸಮಯವನ್ನು ಟಿಕ್ ಎಣಿಕೆಯಿಂದ ಬಿಡಿಸಿಕೊಂಡಿದ್ದರೆ ಮಾತ್ರ ಇದು ಸಾಧ್ಯ. ಅದಕ್ಕೇ ಮೊದಲ ಪ್ರಶ್ನೆಯಲ್ಲಿ ಅಷ್ಟು ಒತ್ತಿ ಹೇಳಿದ್ದು.

ಎಬ್ಬಿಸಬೇಕಾದವರ ಪಟ್ಟಿ ಹೇಗಿಡಲಿ?

ಹೊತ್ತಿನ ಪ್ರಕಾರ ಜೋಡಿಸಿದ ಲಿಂಕ್ಡ್ ಲಿಸ್ಟ್. ಹತ್ತಿಪ್ಪತ್ತು ಟೈಮರಿಗೆ ಅಷ್ಟು ಸಾಕು. ಸಾವಿರಗಟ್ಟಲೆ ಆದಾಗ ಹೀಪ್ ಅಥವಾ 1987ರಲ್ಲಿ ವರ್ಗೀಸ್ ಮತ್ತು ಲಾಕ್ ವಿವರಿಸಿದ ಟೈಮಿಂಗ್ ವೀಲ್ ನೋಡಿ.

ಕರ್ನಲ್ ಭಾರತೀಯ ಸಮಯ ತೋರಿಸಬೇಡವೇ?

ಕರ್ನಲ್ ಒಳಗೆ ಒಂದೇ ಸಮಯ ಇರಲಿ, ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯ. ಐದೂವರೆ ಗಂಟೆ ಕೂಡಿಸುವುದು ಹೊರಗಿನ ಪ್ರೋಗ್ರಾಂ ಕೆಲಸ. ಮುಂಬೈಯವರಿಗೆ ಇದು ಬೇಗ ಅರ್ಥವಾಗಬೇಕು. ಭಾರತೀಯ ಸಮಯ 1906ರಲ್ಲಿ ಬಂದ ಮೇಲೂ ಈ ಊರಿನಲ್ಲಿ 1955ರವರೆಗೆ ಅದಕ್ಕಿಂತ ಸುಮಾರು 39 ನಿಮಿಷ ಹಿಂದಿನ ಬಾಂಬೆ ಟೈಮ್ ಬಳಕೆಯಲ್ಲಿತ್ತು. ಒಂದೇ ಕ್ಷಣಕ್ಕೆ ಎರಡು ಹೆಸರು. ಹೆಸರು ಬದಲಾಗುತ್ತದೆ, ಕ್ಷಣ ಬದಲಾಗುವುದಿಲ್ಲ. ಇನ್ನೊಂದು ಮಾತು, 1970ರ ಆರಂಭದಿಂದ ಎಣಿಸುವ ಸೆಕೆಂಡುಗಳನ್ನು ಚಿಹ್ನೆಯಿರುವ 32 ಬಿಟ್‌ನಲ್ಲಿ ಇಡಬೇಡಿ. ಅದು 2038ರ ಜನವರಿ 19ರಂದು ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ನಾವು ಫ್ಯಾಕ್ಟರಿಗಳಿಗೆ ಕೊಡುವ ಪೆಟ್ಟಿಗೆಗಳು ಅಷ್ಟು ವರ್ಷ ಬಾಳುತ್ತವೆ.

ನನ್ನ ಡ್ರೈವರ್ ಸರಿಯಿದೆ ಎಂದು ಹೇಗೆ ನಂಬಲಿ?

ರಾತ್ರಿಯಿಡೀ ಓಡಿಸಿ. ಮಲಗುವ ಮುಂಚೆ ಫೋನಿನ ಗಡಿಯಾರ ನೋಡಿ, ಕರ್ನಲ್ ಹೇಳುವ ಸೆಕೆಂಡಿನ ಜೊತೆ ಬರೆದಿಡಿ. ಬೆಳಗ್ಗೆ ಎದ್ದು ಮತ್ತೆ ಬರೆಯಿರಿ. ಜೊತೆಗೆ ಬೇಕೆಂದೇ ಆಗಾಗ 40 ಮಿಲಿಸೆಕೆಂಡು ಇಂಟರಪ್ಟ್ ಮುಚ್ಚುವ ಒಂದು ಕಾಟದ ಕೆಲಸವನ್ನೂ ಓಡಿಸಿ. ಸಾಮಾನ್ಯ ಕ್ರಿಸ್ಟಲಿನಲ್ಲಿ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ತಪ್ಪಿದ್ದರೆ ದಿನಕ್ಕೆ 1.7 ಸೆಕೆಂಡು, 50 ಇದ್ದರೆ 4.3 ಸೆಕೆಂಡು ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚು ಬಂದರೆ ತಪ್ಪು ಕೋಡಿನಲ್ಲಿದೆ. ಆ ಎರಡು ಸಾಲು ಬರೆದ ಹಾಳೆಯನ್ನು ಭಾನುವಾರ ತನ್ನಿ, ಕೂತು ನೋಡೋಣ.